ಎಂಟು ಬೆರಳು, ಎರಡು ಕಿವಿ

ಮರದ ಮಿಲ್ಲಿನಲ್ಲಿ ಆ ಬಡಗಿಗೆ ಎಲ್ಲರೂ ಇಟ್ಟ ಹೆಸರು ಎಂಟಣ್ಣ. ಗರಗಸದ ಯಂತ್ರ ಅವನ ಬಲಗೈಯ ಎರಡು ಬೆರಳನ್ನು ತಿಂದು ಹಾಕಿ ಒಂಬತ್ತು ವರ್ಷವಾಗಿತ್ತು. ಹಾಗೆ ಕರೆದವರ ಮೇಲೆ ಅವನೇನೂ ಮುನಿಸಿಕೊಳ್ಳುತ್ತಿರಲಿಲ್ಲ. "ಎಂಟಾದ್ರೂ ಉಳಿದಿದೆಯಲ್ಲ, ಅದಕ್ಕೂ ಕಣ್ಣು ಹಾಕ್ಬೇಡಿ" ಎಂದು ನಕ್ಕು ಹಲಗೆಯ ಮುಂದೆ ಬಗ್ಗುತ್ತಿದ್ದ. ಓದು ಅವನ ತಲೆಗೆ ಹತ್ತಿದ್ದಲ್ಲ. ಅಳತೆ, ಎಣಿಕೆ ಮಾತ್ರ ನೀರು ಕುಡಿದಷ್ಟು ಸಲೀಸು.

ಆರು ವರ್ಷದ ಮಗಳಿಗೆ ತಾನು ಕಲಿಸಬಲ್ಲದ್ದು ಅದೊಂದೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಮೈಮೇಲಿನ ಮರದ ಪುಡಿ ಕೊಡವಿ ಹೊಸ್ತಿಲ ಮೇಲೆ ಕೂತರೆ ಸಾಕು, ಅವಳು ಬಂದು ತೊಡೆ ಏರುವಳು. ಅಪ್ಪನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಎಣಿಸುವಳು. ಎಂಟಕ್ಕೆ ಬೆರಳು ಮುಗಿದುಹೋಗುತ್ತಿತ್ತು. ಆಗ ಅವನು ಅವಳ ಒಂದು ಕಿವಿ ಹಿಡಿದು "ಒಂಬತ್ತು" ಎನ್ನುವನು, ಇನ್ನೊಂದು ಹಿಡಿದು "ಹತ್ತು" ಎನ್ನುವನು. ಹತ್ತರಲ್ಲಿ ಎರಡು ಕಳೆಯಬೇಕಾದರೆ ಅವಳು ಎರಡೂ ಕಿವಿ ಮುಚ್ಚಿಕೊಳ್ಳುವಳು, ಎಂಟು ಉಳಿಯುತ್ತಿತ್ತು. ಇಂಥ ಲೆಕ್ಕವನ್ನು ಆ ಮನೆಯವರಲ್ಲದೆ ಬೇರೆ ಯಾರು ಮಾಡಿಯಾರು!

"ನಾವಿಬ್ರೂ ಸೇರಿದ್ರೇ ಹತ್ತು ಕಣೇ" ಎಂದು ಅವನು ಬೀಗುವನು.

"ಸಾಕು ನಿಮ್ಮ ಕಿವಿ ಲೆಕ್ಕ, ಊಟಕ್ಕೆ ಬನ್ನಿ" ಎಂದು ಹೆಂಡತಿ ಒಳಗಿಂದ ಕರೆಯುವಳು. ಪಾಪ, ಆ ಅರ್ಧ ಗಂಟೆಗಾಗಿಯೇ ಅವನು ದಿನವಿಡೀ ಜೀವ ತೇಯುತ್ತಿದ್ದ.

ಶಾಲೆಯಲ್ಲಿ ಮೊದಲ ಸಲ ಬಾಯಿಲೆಕ್ಕದ ಪರೀಕ್ಷೆ ಬಂತು. "ಏಳಕ್ಕೆ ಮೂರು ಸೇರಿಸಿದ್ರೆ ಎಷ್ಟು? ಎಣಿಸಿ ತೋರಿಸು" ಎಂದರು ಮೇಡಂ. ಹುಡುಗಿ ಬಲಗೈಯ ಎರಡು ಬೆರಳನ್ನು ಒಳಕ್ಕೆ ಮಡಚಿಕೊಂಡಳು. ಉಳಿದ ಎಂಟನ್ನು ಎಣಿಸಿ, ಆಮೇಲೆ ಒಂದೊಂದೇ ಕಿವಿ ಹಿಡಿದು "ಹತ್ತು" ಎಂದಳು. ಉತ್ತರವೇನೋ ಸರಿಯಾಗಿತ್ತು, ಆದರೆ ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಮಡಚಿದ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, "ಇವೂ ನಿಂದೇ ಅಲ್ವಾ ಪುಟ್ಟಿ? ಇವನ್ನ ಯಾಕೆ ಬಿಟ್ಟೆ?" ಎಂದು ಕೇಳಿದರು.

ಅಂದು ಸಂಜೆ ಬಡಗಿ ಹೊಸ್ತಿಲ ಮೇಲೆ ಕೂತು ಎಂದಿನಂತೆ ಕೈ ಚಾಚಿದ. ಮಗಳು ಗೋಡೆಗೊರಗಿ ಕೂತವಳು ಏಳಲಿಲ್ಲ.

"ಬೇಡಪ್ಪಾ. ನಿನ್ ಕೈಲಿ ಎಣಿಸಿದ್ರೆ ತಪ್ಪಾಗುತ್ತೆ."

"ಹಾಗಂತ ಯಾರಂದ್ರು?"

"ಯಾರೂ ಅನ್ಲಿಲ್ಲ. ಎಲ್ರೂ ನಕ್ರು."

ಅವಳು ತನ್ನ ಎರಡೂ ಕೈ ಎತ್ತಿ, ಎಲ್ಲೂ ತಡವರಿಸದೆ ಹತ್ತರವರೆಗೆ ಎಣಿಸಿದಳು. "ನೋಡು, ನಾನೊಬ್ಳೇ ಹತ್ತು."

ಬೆರಳು ಹೋದ ದಿನವೂ ಅಳದಿದ್ದವನು ಮುಖ ಅತ್ತ ತಿರುಗಿಸಿಕೊಂಡ. "ಸರಿಯಾಗಿದೆ ಮಗಳೇ" ಎಂದ. ಬಲಗೈಯನ್ನು ಜೇಬಿಗೆ ತೂರಿಸಿಕೊಂಡು ಊಟಕ್ಕೆ ಕರೆಯುವವರೆಗೂ ಅಲ್ಲೇ ಕೂತಿದ್ದ.

ಮರುದಿನ ಮಿಲ್ಲಿನಲ್ಲಿ ಯಾರೋ "ಎಂಟಣ್ಣಾ" ಎಂದು ಕೂಗಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ತಿರುಗಿ ನೋಡಲಿಲ್ಲ.