ಹರಿದು ಹಾಕಿದ ರಫ್ ಹಾಳೆ

ಬಿಸಿಲಿತ್ತು ಅಂತಲೇ ನನ್ನ ನೆನಪು, ಆದರೆ ಬಿಸಿಲು ಇದ್ದಿರಲು ಸಾಧ್ಯವೇ ಇಲ್ಲ. ಊಟದ ಟೇಬಲ್ಲಿನ ಮೇಲೆ ಮಗಳ ರಫ್ ನೋಟ್‌ಬುಕ್ಕು, ಅದರ ಸುರುಳಿ ತಂತಿಯ ನೆರಳು ಹಾಳೆಯ ಮೇಲೆ ಸಾಲಾಗಿ ಬಿದ್ದಿದೆ, ಅವಳು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ತಲೆ ಬಗ್ಗಿಸಿ ಬರೆಯುತ್ತಿದ್ದಾಳೆ, ಕುಕ್ಕರು ಎರಡನೇ ಸಲ ಕೂಗುತ್ತಿದೆ. ಇಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದರಿಂದಲೇ ನನಗೆ ಅನುಮಾನ. ಅದು ನವೆಂಬರ್. ಇಲ್ಲಿ ಅಮೆರಿಕದಲ್ಲಿ ಚಳಿಗಾಲಕ್ಕೆಂದು ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಟ್ಟು ವಾರವಾಗಿತ್ತು. ನಾನು ಆಫೀಸಿನಿಂದ ನೆವಾರ್ಕಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಹೊರಗೆ ಪೂರ್ತಿ ಕತ್ತಲಾಗಿರುತ್ತಿತ್ತು. ಹಾಗಾದರೆ ಈ ಬಿಸಿಲು ಯಾವ ದಿನದ್ದು?

ಯಾವ ದಿನದ್ದಾದರೇನು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅವಳು ಬರೆಯುವುದನ್ನು ನಾನು ನೋಡಿದೆ ಎಂದು ಅವಳ ಶಾಲೆಯಲ್ಲಿ ಕೂತು ಹೇಳಿ ಬಂದಿದ್ದೇನೆ.

ಮಗಳು ಏಳನೇ ಕ್ಲಾಸಿನಲ್ಲಿದ್ದಾಳೆ. ಇಂಗ್ಲಿಷ್ ಟೀಚರ್ ಒಂದು ಪ್ರಬಂಧ ಕೊಟ್ಟಿದ್ದರು: ಇಪ್ಪತ್ತು ವರ್ಷದ ನಂತರ ನಾನು. ಅವಳು ಬರೆದು ಕಳಿಸಿದಳು. ನಾಲ್ಕು ದಿನದ ಮೇಲೆ ನಮಗೆ ಒಂದು ಇಮೇಲು ಬಂತು. ಬಹಳ ಮರ್ಯಾದೆಯ ಇಮೇಲು. ಪ್ರಬಂಧವನ್ನು ಅವಳೇ ಬರೆದಳೋ ಅಥವಾ ಎಐ ಯಂತ್ರದಿಂದ ಬರೆಸಿದಳೋ ಎಂದು ಒಂದು ಪ್ರಶ್ನೆ ಎದ್ದಿದೆ, ದಯವಿಟ್ಟು ಬಂದು ಮಾತಾಡಿ ಎಂದು. ಯಂತ್ರದ್ದು ಎಂದಾದರೆ ಸೊನ್ನೆ ಅಂಕ, ಜೊತೆಗೆ ಅವಳ ದಾಖಲೆಯಲ್ಲಿ ಒಂದು ಟಿಪ್ಪಣಿ. ಹೈಸ್ಕೂಲಿಗೂ ಅದು ಅವಳ ಹಿಂದೆಯೇ ಹೋಗುತ್ತದೆ.

"ಅಮ್ಮಾ, ನಾನೇ ಬರೆದಿದ್ದು. ನೀನೇ ನೋಡಿದೀಯಲ್ಲ," ಅಂದಳು. ಅಂದದ್ದು ಇಂಗ್ಲಿಷಿನಲ್ಲಿ. ಅವಳ ಮಾತೆಲ್ಲ ಇಂಗ್ಲಿಷು, ನನ್ನ ನೆನಪಿಗೆ ಬರುವಾಗ ಎಲ್ಲವೂ ಕನ್ನಡವಾಗಿರುತ್ತದೆ. ಅಲ್ಲಿಗೇ ಎಷ್ಟು ಬದಲಾಯಿತೋ ಏನೋ.

ಈ ಹುಡುಗಿಯನ್ನು ನಾವು ಆರನೇ ವಯಸ್ಸಿನಿಂದ ಮುಂದಿನ ಕಾಲಕ್ಕೆ ತಯಾರು ಮಾಡುತ್ತಿದ್ದೇವೆ. ಪ್ರತಿ ಶನಿವಾರ ಬೆಳಿಗ್ಗೆ ಇಂಡಿಯನ್ ಗ್ರೋಸರಿ ಪಕ್ಕದ ಅಂಗಡಿಯಲ್ಲಿ ಕೋಡಿಂಗ್ ಕ್ಲಾಸು. ಅವಳು ಒಳಗೆ ಕಂಪ್ಯೂಟರಿನ ತೆರೆಯ ಮೇಲೆ ಬಣ್ಣದ ಚೌಕಗಳನ್ನು ಜೋಡಿಸಿ ಬೆಕ್ಕನ್ನು ಓಡಿಸುತ್ತಿದ್ದಳು, ನಾನು ಹೊರಗೆ ಕರಿಬೇವು, ಕೊತ್ತಂಬರಿ ಆರಿಸುತ್ತಿದ್ದೆ. ಆರು ವರ್ಷ. ಈ ವರ್ಷ ಆ ಕ್ಲಾಸಿನವರು ಬೋರ್ಡು ಬದಲಾಯಿಸಿದರು. ಅದೇ ಮೇಷ್ಟ್ರು, ಅದೇ ಕುರ್ಚಿಗಳು. ಈಗ ಯಂತ್ರಕ್ಕೆ ಕೆಲಸ ಹೇಳುವುದು ಹೇಗೆ ಎಂದು ಕಲಿಸುತ್ತಾರೆ.

"ಆರು ವರ್ಷ ಈಜು ಕಲಿಸಿ, ಈಗ ಕೆರೆ ಬತ್ತೋಯ್ತು ಅಂತಾರೆ," ಅಂದ ನನ್ನ ಗಂಡ.

"ಹಾಗಾದ್ರೆ ಬಿಡಿಸೋಣ್ವಾ?"

"ಬಿಡಿಸಿ? ಎಲ್ಲರ ಮಕ್ಕಳೂ ಹೋಗ್ತಿದಾರೆ ಕಣೇ."

ಬಿಡಿಸಲಿಲ್ಲ. ನನ್ನ ಆಫೀಸಿನಲ್ಲೂ ಒಂದು ವರ್ಷದಿಂದ ಕೋಡು ಬರೆಯುವುದು ಯಂತ್ರವೇ. ಅದು ಬರೆದದ್ದನ್ನು ನಾನು ಓದುತ್ತೇನೆ, ಸರಿ ಎಂದು ಗುಂಡಿ ಒತ್ತುತ್ತೇನೆ. ಎಷ್ಟೋ ಸಲ ಓದದೆಯೂ ಒತ್ತುತ್ತೇನೆ. ಇದು ಮಗಳಿಗೆ ಗೊತ್ತು.

ಇದೆಲ್ಲದರ ನಡುವೆ ನಾನಾಗಿ ಅವಳಿಗೆ ಕಲಿಸಿದ್ದು ಒಂದೇ ಒಂದು, ಅದೂ ನನ್ನ ಮೈಸೂರಿನ ಶಾಲೆಯದು. ಮೊದಲು ರಫ್, ಆಮೇಲೆ ಫೇರ್. ರಫ್ ಪುಸ್ತಕದಲ್ಲಿ ಎಷ್ಟು ಬೇಕಾದರೂ ಹೊಡೆದುಹಾಕು, ಬಾಣ ಎಳೆ, ಚಿತ್ತು ಮಾಡು. ಮುಗಿದ ಮೇಲೆ ಒಂದೂ ತಪ್ಪಿಲ್ಲದೆ ಫೇರ್ ಕಾಪಿ ಮಾಡು, ರಫ್ ಹಾಳೆ ಹರಿದು ಬಿಸಾಕು. ನಮ್ಮ ಕನ್ನಡ ಮಿಸ್ಸು ಹೇಳುತ್ತಿದ್ದರು, "ರಫ್ ಅನ್ನೋದು ಒಳಲಂಗ ಇದ್ದಹಾಗೆ ಕಣ್ರೇ. ಇರಬೇಕು, ಕಾಣಬಾರದು." ಇಡೀ ಕ್ಲಾಸು ನಗುತ್ತಿತ್ತು. ಮಗಳಿಗೂ ಇದನ್ನು ಹೇಳಿದ್ದೆ, ಅವಳೂ ನಕ್ಕಿದ್ದಳು. ಆಮೇಲೆ ಅವಳು ಪೆನ್ಸಿಲ್ಲಿನಲ್ಲಿ ರಫ್ ಬರೆಯುತ್ತಿದ್ದಳು, ಅದನ್ನು ನೋಡಿಕೊಂಡು ಲ್ಯಾಪ್‌ಟಾಪಿನಲ್ಲಿ ಫೇರ್ ಟೈಪ್ ಮಾಡುತ್ತಿದ್ದಳು, ಹಾಳೆಯನ್ನು ಹರಿದು ಕಾಗದದ ಬುಟ್ಟಿಗೆ ಹಾಕುತ್ತಿದ್ದಳು. ಅವಳ ಗೆಳತಿಯರು ಯಾರೂ ಹೀಗೆ ಮಾಡುವುದಿಲ್ಲ. ನನಗೆ ಒಳಗೊಳಗೇ ಜಂಬವಿತ್ತು.

ಟೀಚರ್ ಚಿಕ್ಕ ವಯಸ್ಸಿನವರು. ಮಕ್ಕಳ ಕುರ್ಚಿಯಲ್ಲಿ ನಮ್ಮೆದುರಿಗೇ ಕೂತರು. ನಾನು, ಮಗಳು, ಅವರು, ಇಷ್ಟೇ ಜನ. ಅವರು ಲ್ಯಾಪ್‌ಟಾಪು ತಿರುಗಿಸಿ, ಪ್ರಬಂಧ ಟೈಪ್ ಆದದ್ದನ್ನು ಮೊದಲಿನಿಂದ ಓಡಿಸಿ ತೋರಿಸಿದರು. ಹಾಗೆ ತೋರಿಸುವ ವ್ಯವಸ್ಥೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಸಂಜೆ ಆರು ನಲವತ್ತಕ್ಕೆ ಮೊದಲ ಅಕ್ಷರ. ಆಮೇಲೆ ಇರುವೆ ಸಾಲಿನ ಹಾಗೆ ಅಕ್ಷರಗಳು ಹೊರಟವು. ಎಲ್ಲೂ ನಿಲ್ಲಲಿಲ್ಲ, ಹಿಂದೆ ಬರಲಿಲ್ಲ. ಹದಿನೇಳು ನಿಮಿಷದಲ್ಲಿ ಪ್ರಬಂಧ ಮುಗಿಯಿತು.

"ಒಂದೇ ಒಂದು ಪದವನ್ನೂ ಅಳಿಸಿಲ್ಲ ನೋಡಿ," ಅಂದರು ಟೀಚರ್. "ಮಕ್ಕಳು ಬರೆದರೆ ಹೀಗಿರೋದಿಲ್ಲ. ಎಡವುತ್ತಾರೆ. ಬೇರೆ ಕಡೆಯಿಂದ ನೋಡಿಕೊಂಡು ಟೈಪ್ ಮಾಡಿದಾಗ ಮಾತ್ರ ಹೀಗೆ ಕಾಣುತ್ತೆ."

ನೋಡಿಕೊಂಡೇ ಟೈಪ್ ಮಾಡಿದ್ದಾಳೆ, ತನ್ನದೇ ರಫ್ ನೋಡಿಕೊಂಡು ಎಂದೆ. ರಫ್, ಫೇರ್ ಎಲ್ಲವನ್ನೂ ವಿವರಿಸಿದೆ. ಒಳಲಂಗದ ಮಾತೊಂದನ್ನು ಬಿಟ್ಟೆ. ಅವರು ಆಸಕ್ತಿಯಿಂದಲೇ ಕೇಳಿಸಿಕೊಂಡರು.

"ಎಷ್ಟು ಚೆಂದದ ಪದ್ಧತಿ. ಆ ರಫ್ ಹಾಳೆ ತಂದು ತೋರಿಸಬಹುದಾ?"

ಮಂಗಳವಾರ ಬೆಳಿಗ್ಗೆಯೇ ರದ್ದಿ ಕಾಗದ ಒಯ್ಯುವ ಲಾರಿ ಬಂದು ಹೋಗಿತ್ತು. ಹರಿದು ಹಾಕಲು ಕಲಿಸಿದವಳು ನಾನೇ.

"ಹಾಗಾದರೆ ಅವಳು ಬರೆಯೋದನ್ನು ನೀವು ನೋಡಿದಿರಾ?"

ಮಗಳು ನನ್ನ ಕಡೆ ನೋಡಲಿಲ್ಲ. ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತಿದ್ದಳು.

"ನೋಡಿದೆ," ಎಂದೆ. ಆಗ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿರಲಿಲ್ಲ. ತಂತಿಯ ನೆರಳು, ಎಡಗೈ, ಪೆನ್ಸಿಲ್ಲು, ಎಲ್ಲ ಕಣ್ಣ ಮುಂದೆಯೇ ಇತ್ತು.

"ನೀವು ಹೇಳಿದ ಮೇಲೆ ಮುಗೀತು," ಅಂದರು ಟೀಚರ್. ಅಷ್ಟು ಸುಲಭವಾಗಿ ಮುಗಿದುಬಿಡುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಬೀಳ್ಕೊಡುವಾಗ ಮಗಳ ಭುಜ ತಟ್ಟಿ, "ನಿನ್ನ ಪ್ರಬಂಧದಲ್ಲಿ ನಂಗೆ ತುಂಬ ಇಷ್ಟವಾಗಿದ್ದು ಆ ನಾಯಿ ವಾಕ್ಯ. ಅದು ನಿನ್ನದೇ ಅಂತ ಮೊದಲೇ ಅನ್ನಿಸಿತ್ತು," ಎಂದರು.

ನಾಯಿ ವಾಕ್ಯ ಹೀಗಿತ್ತು: ಇಪ್ಪತ್ತು ವರ್ಷದ ನಂತರ ಬೇರೆ ಏನೂ ಉಳಿಯದಿದ್ದರೆ ನಾನು ಜನರ ನಾಯಿಗಳಿಗೆ ಸ್ನಾನ ಮಾಡಿಸುತ್ತೇನೆ, ಯಾಕೆಂದರೆ ಒದ್ದೆ ನಾಯಿಯನ್ನು ಹಿಡಿದುಕೊಳ್ಳಲು ಯಾವ ಯಂತ್ರಕ್ಕೂ ಇಷ್ಟವಿರುವುದಿಲ್ಲ.

ಅದು ನನ್ನ ಮಾತು. ಫ್ರೀವೇಯಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ ತಮಾಷೆಗೆ ಅವಳಿಗೆ ಹೇಳಿದ್ದೆ. ಅಥವಾ ಅವಳೇ ಹೇಳಿ, ನಾನು ನಕ್ಕು, ಆಮೇಲೆ ಆಫೀಸಿನಲ್ಲಿ ನನ್ನದೇ ಎಂಬಂತೆ ಎಲ್ಲರಿಗೂ ಹೇಳಿರಬಹುದು. ಮೊದಲನೆಯದೇ ನಿಜ ಅಂತ ಬಹುಪಾಲು ಅನ್ನಿಸುತ್ತದೆ. ಟೀಚರಿಗೆ ಥ್ಯಾಂಕ್ಸ್ ಹೇಳಿ ಹೊರಟೆ.

ಶಾಲೆಯಿಂದ ಹೊರಗೆ ಬಂದಾಗ ಐದು ಗಂಟೆ. ಪಾರ್ಕಿಂಗ್ ಲಾಟಿನ ದೀಪಗಳು ಹತ್ತಿದ್ದವು. ಕಾರಿನ ಬಾಗಿಲು ತೆಗೆಯುತ್ತ ಮಗಳು, "ಇಷ್ಟು ಬೇಗ ಕತ್ತಲು!" ಅಂದಳು. ಅವಳು ಮಾತಿಗೆ ಅಂದದ್ದು. ನನ್ನ ಕೈ ಮಾತ್ರ ಬೀಗದ ಕೈ ಹಿಡಿದು ಹಾಗೇ ನಿಂತಿತು. ಆರು ನಲವತ್ತಕ್ಕೆ ಟೈಪಿಂಗು. ಅದಕ್ಕೂ ಮೊದಲು, ನಾನು ನೋಡಿದ್ದೇ ಆದರೆ ನಾನು ಮನೆಗೆ ಬಂದ ಆರು ಗಂಟೆಯ ಮೇಲೆ, ರಫ್. ಬಿಸಿಲು ಎಲ್ಲಿಂದ ಬರಬೇಕು?

ಬಿಸಿಲಿನಲ್ಲಿ ಅವಳು ಬರೆದದ್ದು ಬೇರೆ ಪ್ರಬಂಧ ಇರಬೇಕು, ಅಕ್ಟೋಬರಿನದು. ಇಲ್ಲದಿದ್ದರೆ ಇದೇ ಪ್ರಬಂಧ, ಟ್ಯೂಬ್‌ಲೈಟಿನ ಕೆಳಗೆ, ನಾನು ಒಲೆಯ ಕಡೆ ತಿರುಗಿ ನಿಂತಿದ್ದಾಗ. ನೆನಪು ತಾನಾಗಿಯೇ ಫೇರ್ ಕಾಪಿ ಮಾಡಿಕೊಂಡು, ತನ್ನ ರಫ್ಫನ್ನು ಹರಿದು ಹಾಕಿದೆ.

ಮನೆಗೆ ಬಂದು ನೋಟ್‌ಬುಕ್ಕು ಹುಡುಕಿದೆ. ಸುರುಳಿ ತಂತಿಯಲ್ಲಿ ಹರಿದ ಹಾಳೆಗಳ ಅಂಚುಗಳು ಸಿಕ್ಕಿಕೊಂಡಿದ್ದವು, ಬಿಳಿ ಬಿಳಿ ಚೂರುಗಳು. ಯಾವ ಹಾಳೆಯದು ಯಾವುದು ಎಂದು ಹೇಳುವುದು ಹೇಗೆ? ಅವಳು ಸ್ನಾನಕ್ಕೆ ಹೋಗಿದ್ದಾಗ ಲ್ಯಾಪ್‌ಟಾಪು ತೆರೆದು, ಆ ವಾರ ಇಂಟರ್ನೆಟ್ಟಿನಲ್ಲಿ ಯಾವ ಯಾವ ಪುಟ ನೋಡಿದ್ದಾಳೆ ಎಂದು ಹುಡುಕಿದೆ. ಖಾಲಿ. ಎಲ್ಲ ಅಳಿಸಿತ್ತು.

"ಅಳಿಸಿದ್ರೆ ಏನೀಗ? ನಾನೂ ಅಳಿಸ್ತೀನಿ," ಅಂದ ಗಂಡ.

"ನೀನು ಯಾಕೆ ಅಳಿಸ್ತೀಯ?"

"ಆ ವಿಚಾರ ಈಗ್ಯಾಕೆ? ನೀನೇ ನೋಡಿದೆ ಅಂದ್ಯಲ್ಲ ಮಾರಾಯ್ತಿ. ಮತ್ತೆ ಏನನ್ನ ಹುಡುಕ್ತಿದೀಯ?"

ಅವನಿಗೆ ಬಿಸಿಲಿನ ವಿಷಯ ಹೇಳಲಿಲ್ಲ. ಹೇಳಿದರೆ ನಗುತ್ತಿದ್ದ, ಅಥವಾ ನಗುತ್ತಿರಲಿಲ್ಲ. ಎರಡೂ ನನಗೆ ಬೇಡವಾಗಿತ್ತು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅವಳು ಮುಂದಿನ ಪ್ರಬಂಧಕ್ಕೆ ಕೂತಳು. ಬಟ್ಟೆ ಮಡಚುತ್ತ ನಾನು ಅವಳ ಹಿಂದೆಯೇ ಇದ್ದೆ. ಈ ಸಲ ನೋಡಲೇಬೇಕೆಂದು ಅಲ್ಲೇ ಇದ್ದೆ ಅನ್ನುವುದೇ ನಿಜ. ರಫ್ ನೋಟ್‌ಬುಕ್ಕು ಟೇಬಲ್ಲಿನ ಮೇಲಿರಲಿಲ್ಲ. ನೇರ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದಳು. ಒಂದು ವಾಕ್ಯ ಸರಿಯಾಗಿ ಬರೆದಳು, ಅರ್ಧ ಅಳಿಸಿದಳು, ತಪ್ಪು ಪದ ಹಾಕಿದಳು, ಸ್ವಲ್ಪ ಕಾದಳು, ಮತ್ತೆ ಮೊದಲಿನ ಪದವನ್ನೇ ಹಾಕಿದಳು. ಮುಂದಿನ ವಾಕ್ಯಕ್ಕೂ ಹಾಗೆಯೇ.

"ಏನ್ ಪುಟ್ಟಿ ಮಾಡ್ತಿದೀಯ?"

"ಎಡವ್ತಾ ಇದೀನಿ," ಅಂದಳು. ಇದನ್ನು ಮಾತ್ರ ಕನ್ನಡದಲ್ಲೇ ಅಂದಳು, ಟೀಚರ್ ಹೇಳಿದ್ದನ್ನು ಮನೆಯಲ್ಲಿ ಗಂಡನಿಗೆ ವಿವರಿಸುವಾಗ ನಾನು ಬಳಸಿದ ಅದೇ ಪದ. "ನೋಡೋರಿಗೆ ಎಡವಿದ್ದು ಕಾಣಬೇಕಲ್ಲ."

ನಾನು ಟವೆಲ್ಲನ್ನು ಮಡಚಿದೆ, ಬಿಡಿಸಿದೆ, ಮತ್ತೆ ಮಡಚಿದೆ. ಬೇಡ ಎನ್ನಬೇಕಿತ್ತು. ಬೇಡ ಎಂದು ಹೇಳಿ, ಅದರ ಬದಲು ಏನು ಮಾಡು ಅನ್ನಬೇಕು? ರಫ್ ಹಾಳೆ ಹರಿಯಬೇಡ, ಜೋಪಾನವಾಗಿಡು ಎಂದೆ. "ಅದನ್ನೂ ಯಂತ್ರದ್ದು ನೋಡಿಕೊಂಡೇ ಬರೆದೆ ಅಂತ ಅವ್ರು ಅಂದ್ರೆ?" ಎಂದಳು.

ಆಮೇಲೆ ಕೇಳಿದೆ. ಕೇಳಬಾರದಿತ್ತೇನೋ. "ಆವತ್ತಿನದು ನೀನೇ ಬರೆದಿದ್ದು ತಾನೆ?"

ಅವಳ ಬೆರಳುಗಳು ನಿಂತವು. ತಿರುಗಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅಥವಾ ಇತ್ತು, ನನಗೆ ಓದಲು ಬರಲಿಲ್ಲ.

"ನೀನು ನೋಡಿದೆ ಅಂದ್ಯಲ್ಲಮ್ಮ," ಅಂದಳು. ಮತ್ತೆ ತಿರುಗಿ, ಒಂದು ಪದ ಬರೆದು, ಅಳಿಸಿದಳು.

ಆ ಪ್ರಬಂಧವನ್ನು ಅವಳೇ ಬರೆದಳೋ ಇಲ್ಲವೋ, ನನಗೆ ಗೊತ್ತಿಲ್ಲ.