ಯೋನಪ್ಪನ ಹಗ್ಗ

ನಮ್ಮ ಅತ್ತೆ ಜೀವರತ್ನಮ್ಮನ ಸುದ್ದಿಯನ್ನು ಈಗಿನ ಪಾದ್ರಿ ಅಯ್ಯನವರುಗಳು ದೇವಾಲಯದ ಪ್ರಸಂಗದಲ್ಲಿ ಹೇಳುವುದುಂಟು. ‘ಒಬ್ಬ ಬಡ ವಿಧವೆ ತನ್ನ ಗಂಡನ ಸಾವಿಗೆ ಕಾರಣನಾದವನನ್ನು ಕ್ಷಮಿಸಿಬಿಟ್ಟಳು’ ಎಂದು ಒಂದೇ ಉಸಿರಿಗೆ ಮುಗಿಸಿ ಮುಂದಿನ ಹಾಡಿಗೆ ಹೋಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಕ್ಷಮಿಸುವುದೆಂದರೆ ಒಲೆಯ ಮೇಲಿಂದ ಪಾತ್ರೆ ಇಳಿಸಿದಷ್ಟು ಸುಲಭವೇ? ಆ ಭಾನುವಾರ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮುಳಬಾಗಿಲಿನಿಂದ ನಂಗಲಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಊರಾಚೆ ನಮ್ಮ ಕ್ರೈಸ್ತರ ಒಂದಷ್ಟು ಮನೆಗಳು, ನಡುವೆ ಹೆಂಚಿನ ದೇವಾಲಯ, ಅದರ ಪಕ್ಕದಲ್ಲಿ ರಾಟೆ ಹಾಕಿದ ಬಾವಿ. ದೇವಾಲಯ ಗುಡಿಸುವುದು, ಗಂಟೆ ಹೊಡೆಯುವುದು, ದೀಕ್ಷಾಸ್ನಾನವಿದ್ದ ದಿನ ನೀರು ಸೇದಿ ಹಿತ್ತಾಳೆ ಬೋಗುಣಿಗೆ ತುಂಬಿಡುವುದು ಅತ್ತೆಯ ಕೆಲಸ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮಾತು ಕಡಿಮೆ, ಕೋಪ ಜಾಸ್ತಿ.

ಅವಳ ಗಂಡ ಯೋನಪ್ಪ ಮಾವ ಬಾವಿ ತೋಡುವವನು. ಕತ್ತಾಳೆಯ ನಾರನ್ನು ತಾನೇ ನೆನೆಸಿ, ಬಡಿದು, ಹಗ್ಗ ಹೊಸೆಯುತ್ತಿದ್ದ. ಬೇರೆಯವರು ಹೊಸೆದ ಹಗ್ಗಕ್ಕೆ ಜೋತುಬೀಳುವವನಲ್ಲ. ಮೂವತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಶ್ರೀನಿವಾಸಪುರದ ಹತ್ತಿರ ಒಂದು ಮಾವಿನ ತೋಪಿನಲ್ಲಿ ಬಾವಿ ತೋಡುವಾಗ ಬಂಡೆ ಸಿಕ್ಕಿತು. ಮದ್ದಿಟ್ಟು ಸಿಡಿಸಬೇಕಾಯಿತು. ಆ ಕೆಲಸಕ್ಕೆ ಒಂದು ಕಟ್ಟಳೆಯಿದೆ. ಕೆಳಗಿನವನು ಬತ್ತಿಗೆ ಬೆಂಕಿ ತಾಗಿಸಿ, ಹಗ್ಗ ಹಿಡಿದು, ಗೋಡೆಗೆ ಕಾಲು ಕೊಟ್ಟು ಹತ್ತುತ್ತಾನೆ. ಮೇಲಿನವನು ಎಳೆಯುತ್ತಲೇ ಇರಬೇಕು. ಕೆಳಗಿನವನ ಕೈ ಬಾವಿಯ ಅಂಚು ಮುಟ್ಟುವವರೆಗೂ, ಆಕಾಶವೇ ಕಳಚಿ ಬಿದ್ದರೂ ಹಗ್ಗ ಬಿಡುವ ಹಾಗಿಲ್ಲ.

ಅವತ್ತು ಮೇಲಿದ್ದವನು ಮುನಿರಾಮಪ್ಪ. ನಮ್ಮ ಜನವೇ, ಆದರೆ ದೀಕ್ಷೆ ಪಡೆದಿರಲಿಲ್ಲ. ಮಾವನನ್ನು ಅಣ್ಣ, ಅತ್ತೆಯನ್ನು ವದಿನ, ಅಂದರೆ ಅತ್ತಿಗೆ, ಎಂದು ಕರೆಯುತ್ತ ಅವರ ಮನೆಯಲ್ಲೇ ಉಣ್ಣುತ್ತಿದ್ದವನು. ಮಾವ ಮೇಲೆ ಬರಲಿಲ್ಲ. ‘ಹಗ್ಗ ಹರಿದುಹೋಯಿತು, ನಾರು ಕೊಳೆತಿತ್ತು’ ಎಂದು ಮುನಿರಾಮಪ್ಪ ಎಲ್ಲರಿಗೂ ಹೇಳಿದ. ಊರೂ ನಂಬಿತು. ಕೊಳೆತ ಹಗ್ಗ ಹೊಸೆದು ತಾನೇ ಸತ್ತ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಂಡರು.

ಕಲ್ಲು ಸರಿಸಿ ಮಾವನನ್ನು ತೆಗೆದಾಗ ಹಗ್ಗವೂ ಸಿಕ್ಕಿತು. ಕೆಳಗಿನ ತುದಿ ಕರಕಲಾಗಿತ್ತು. ಆದರೆ ಮೇಲಿನ ತುದಿ, ಮಾವ ಹಾಕಿದ್ದ ಗಂಟಿನ ಸಮೇತ, ಇಡಿಯಾಗಿತ್ತು. ಹರಿದಿದ್ದರೆ ಆ ತುದಿ ಮೇಲೆ ಮುನಿರಾಮಪ್ಪನ ಕೈಯಲ್ಲೇ ಉಳಿಯಬೇಕಿತ್ತು. ಅತ್ತೆ ಅದನ್ನು ಒಬ್ಬೊಬ್ಬರ ಮುಂದೂ ಹಿಡಿದಳು. ಗಂಡ ಹೋದ ಸಂಕಟದಲ್ಲಿ ಏನೋ ಅನ್ನುತ್ತಾಳೆ ಎಂದು ಮುಖ ತಿರುಗಿಸಿಕೊಂಡರು. ಅಷ್ಟರಲ್ಲಿ ಮುನಿರಾಮಪ್ಪ ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಕೂಲಿಗೆ ಹೊರಟುಹೋಗಿದ್ದ.

ಅತ್ತೆ ಸುಟ್ಟ ತುದಿಯನ್ನು ಕತ್ತರಿಸಿ, ಆ ಹಗ್ಗವನ್ನೇ ದೇವಾಲಯದ ಬಾವಿಯ ರಾಟೆಗೆ ಹಾಕಿದಳು. “ಕೊಳೆತಿದ್ರೆ ಹರೀಲಿ, ನಾನೂ ನೋಡ್ತೀನಿ” ಎಂದಳು. ಆಡಿಕೊಂಡವರೆಲ್ಲ ದಿನಾ ಅದೇ ಹಗ್ಗದಲ್ಲಿ ನೀರು ಸೇದಬೇಕಾಯಿತು. ಸಂಜೆ ಬಿಚ್ಚಿ ಹರವಿ ಒಣಗಿಸುತ್ತಿದ್ದಳು, ಬೆಳಗ್ಗೆ ಮತ್ತೆ ಕಟ್ಟುತ್ತಿದ್ದಳು. ಏಳು ವರ್ಷ ಅದು ಹರಿಯಲಿಲ್ಲ.

ಆ ಏಳು ವರ್ಷವೂ ಅವಳದು ಇನ್ನೊಂದು ಹಟ. ದೇವಾಲಯದಲ್ಲಿ ಸಭೆಯೆಲ್ಲ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ, ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಎಂಬ ಸಾಲು ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದಳು. ಆ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದಳು. ಕೇಳಿದರೆ, “ದೇವರ ಮುಂದೆ ಸುಳ್ಳು ಹೇಳ್ಲಾ?” ಎಂದು ನನ್ನನ್ನೇ ಗದರುತ್ತಿದ್ದಳು.

ನಲವತ್ತಮೂರರಲ್ಲಿ ಮುನಿರಾಮಪ್ಪ ಹೆಂಡತಿ ಮುನಿಯಲ್ಲಮ್ಮನ ಜೊತೆ ವಾಪಸು ಬಂದ. ಮಾಲೂರಿನಲ್ಲಿ ಗೂಡಿನ ಕೂಲಿಗಳ ಪ್ರಾರ್ಥನಾ ಕೂಟಕ್ಕೆ ಸೇರಿದ್ದನಂತೆ. ಹುಟ್ಟಿದ ಊರಿನಲ್ಲೇ ದೀಕ್ಷೆ ಪಡೆಯಬೇಕೆಂದು ಅವನ ಆಸೆ. ಅದು ಗೊತ್ತಾಗುತ್ತಲೇ ಅವನ ಅಣ್ಣತಮ್ಮಂದಿರು ಬಾಗಿಲು ಹಾಕಿಕೊಂಡರು. ಗಂಡಹೆಂಡತಿ ನಮ್ಮ ಶಾಲೆಯ ಜಗುಲಿಯ ಮೇಲೆ ಬಿದ್ದುಕೊಂಡರು. ಅವಳು ತುಂಬು ಬಸುರಿ.

ನಮ್ಮ ಸಭೆಯಲ್ಲಿ ದೀಕ್ಷೆಗೆ ಮೊದಲು ಅಯ್ಯನವರು ‘ಇವರ ವಿಷಯದಲ್ಲಿ ಯಾರಿಗಾದರೂ ಆಕ್ಷೇಪಣೆ ಇದೆಯೇ’ ಎಂದು ಮೂರು ಸಲ ಕೇಳುತ್ತಿದ್ದರು. ಒಬ್ಬರು ಎದ್ದು ನಿಂತರೂ ಅದು ಬಗೆಹರಿಯುವ ತನಕ ದೀಕ್ಷೆಯಿಲ್ಲ. ಅದಕ್ಕೇ ಕೋಲಾರದಿಂದ ಬಂದ ದೇವಪ್ರಿಯ ಅಯ್ಯನವರು ಶನಿವಾರವೇ ಅತ್ತೆಯ ಮನೆಗೆ ಬಂದರು. ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ.

“ಅವನು ದೇವರ ಮುಂದೆ ಅತ್ತಿದ್ದಾನೆ ಜೀವರತ್ನಮ್ಮ. ಪಾಪ ಎಲ್ಲಾ ಅರಿಕೆ ಮಾಡ್ಕೊಂಡಿದ್ದಾನೆ.”

“ಎಲ್ಲಾ ಅಂದ್ರೆ ಯಾವ್ದು ಅಯ್ಯಾ? ಹಗ್ಗದ ಮಾತು ಎತ್ತಿದ್ನಾ?”

ಅಯ್ಯನವರು ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು. “ನೀನು ಎದ್ದು ನಿಂತ್ರೆ ನಾನು ದೀಕ್ಷೆ ಕೊಡೋಕಾಗಲ್ಲ. ಅತ್ಲಾಗೆ ಅವರ ಜನ ಬಿಟ್ಟಿದ್ದಾರೆ, ಇತ್ಲಾಗೆ ನಾವೂ ಬಿಟ್ರೆ ಆ ಬಸುರಿ ಹೆಂಗ್ಸು ಎಲ್ಲಿಗೆ ಹೋಗ್ತಾಳೆ?” ಎಂದರು.

“ಏಳು ವರ್ಷದಿಂದ ನನ್ನ ಗಂಡನ ಹೆಸರು ಬೀದೀಲಿ ಬಿದ್ದಿದೆ. ಅದು ಎಲ್ಲಿಗೆ ಹೋಗ್ಬೇಕು ಅಂತ ಒಬ್ರೂ ಕೇಳ್ಲಿಲ್ಲ” ಎಂದಳು ಅತ್ತೆ. ಅಯ್ಯನವರು ಕಾಫಿ ಕುಡಿಯದೆ ಎದ್ದು ಹೋದರು.

ಭಾನುವಾರ ಗಂಟೆಯನ್ನೇನೋ ಹೊತ್ತಿಗೆ ಸರಿಯಾಗಿ ಹೊಡೆದಳು. ಒಳಗೆ ಕೂತು ನೋಡುತ್ತೇನೆ, ಮೇಜಿನ ಮೇಲಿನ ಹಿತ್ತಾಳೆ ಬೋಗುಣಿ ಖಾಲಿ.

“ಅತ್ತೆ, ನೀರು?” ಎಂದು ಪಿಸುಗುಟ್ಟಿದೆ.

“ಸುಮ್ಕೆ ಕೂತ್ಕೊಳೇ.”

ಮುನಿರಾಮಪ್ಪ ಮುಂದೆ ಮೊಣಕಾಲೂರಿದ್ದ. ಕೂದಲು ನೆರೆತು ಗುರುತೇ ಸಿಗದ ಹಾಗಾಗಿದ್ದ. ಅಯ್ಯನವರು ಮೊದಲ ಸಲ ಕೇಳಿದರು. ಎಲ್ಲರ ಕಣ್ಣೂ ಅತ್ತೆಯ ಮೇಲೆ. ಎರಡನೆಯ ಸಲ ಕೇಳಿದರು. ಗೋಡೆಯ ಪಕ್ಕ ಕೂತಿದ್ದ ಮುನಿಯಲ್ಲಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅಯ್ಯನವರು ತಡೆದು ತಡೆದು ಮೂರನೆಯ ಸಲ ಕೇಳಿದರು.

ಅತ್ತೆ ಎದ್ದು ನಿಂತಳು.

“ಏನಮ್ಮಾ ನಿನ್ನ ಆಕ್ಷೇಪಣೆ?” ಎಂದರು ಅಯ್ಯನವರು.

“ಅವನನ್ನೇ ಒಂದು ಮಾತು ಕೇಳ್ಬೇಕು ಅಯ್ಯಾ” ಎಂದು ಅತ್ತೆ ಅವನ ಕಡೆ ತಿರುಗಿದಳು. “ಏನ್ಲಾ ಮುನಿರಾಮ, ಹಗ್ಗ ಹರೀತಾ?”

ಅವನು ಹೌದು ಎಂದರೆ ಅತ್ತೆ ಕೂರುವುದಿಲ್ಲ, ದೀಕ್ಷೆಯಿಲ್ಲ. ಇಲ್ಲ ಎಂದರೆ, ಬಾಗಿಲ ಹತ್ತಿರ ಕೂತಿದ್ದ ಮಾವನ ತಮ್ಮ ಆಗಲೇ ತೋಳು ಮೇಲೇರಿಸಿ ಎದ್ದಿದ್ದ. ಮುನಿರಾಮಪ್ಪ ಒಮ್ಮೆ ಹೆಂಡತಿಯ ಕಡೆ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದ್ದನ್ನು ನಾನು ಕಂಡೆ.

“ಇಲ್ಲ ವದಿನಾ. ಹರೀಲಿಲ್ಲ” ಎಂದ ಅವನು. “ಹೊಗೆ ಮೇಲಕ್ಕೆ ಬಂತು. ಬತ್ತಿ ಮುಗ್ದೋಯ್ತು ಅಂದ್ಕೊಂಡೆ. ಭಯ ಆಯ್ತು, ಬಿಟ್ಟು ಓಡ್ದೆ. ಅಣ್ಣ ಅರ್ಧ ಹತ್ತಿದ್ದ. ‘ಹಿಡ್ಕೋ ರಾಮಾ, ಹಿಡ್ಕೋ’ ಅಂತ ಕೂಗ್ತಾನೇ ಇದ್ದ. ಅಣ್ಣನ ಹಗ್ಗ ಗಟ್ಟಿಯಾಗಿತ್ತು ವದಿನಾ. ನಾನೇ ಬಿಟ್ಟೆ.”

ಮಾವ ಕೂಗಿದ್ದು ಅತ್ತೆಗೆ ಗೊತ್ತಿರಲಿಲ್ಲ. ಅವಳ ಕೈ ನನ್ನ ಭುಜವನ್ನು ಹುಡುಕಿ ಬಂದು ಹಿಡಿಯಿತು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನಗೆ ಅಳು ಬಂತು. ಮಾವನ ತಮ್ಮ ನುಗ್ಗಿ ಬಂದ.

“ಅಲ್ಲೇ ನಿಂತ್ಕೋ” ಎಂದಳು ಅತ್ತೆ. “ಸತ್ತಿದ್ದು ನನ್ನ ಗಂಡ. ಇದು ನನ್ನ ಮಾತು.” ಆಮೇಲೆ ಸಭೆಯ ಕಡೆ ತಿರುಗಿದಳು. “ಎಲ್ರೂ ಕೇಳಿಸ್ಕೊಂಡ್ರಾ? ಯೋನಪ್ಪನ ಹಗ್ಗ ಹರೀಲಿಲ್ಲ.”

ಒಬ್ಬರೂ ತಲೆಯೆತ್ತಲಿಲ್ಲ. ನಮ್ಮಮ್ಮನೂ ಎತ್ತಲಿಲ್ಲ. ಆಡಿಕೊಂಡವರಲ್ಲಿ ಅವಳೂ ಒಬ್ಬಳು.

ಅತ್ತೆ ಮುಂದೆ ಹೋಗಿ ಖಾಲಿ ಬೋಗುಣಿಯನ್ನು ಎತ್ತಿಕೊಂಡಳು. “ನೀರು ಸೇದಿಲ್ಲ. ಏಳು, ಬಾ” ಎಂದಳು.

ಅಯ್ಯನವರೂ ಸೇರಿ ಸಭೆಯೆಲ್ಲ ಹಿಂದೆ ಹೊರಟಿತು. ಅತ್ತೆ ಬಿಂದಿಗೆಯನ್ನು ಬಾವಿಗೆ ಇಳಿಬಿಟ್ಟು, ಹಗ್ಗದ ತುದಿಯನ್ನು ಅವನ ಕಡೆ ಚಾಚಿದಳು. ಮಾವನ ಗಂಟು ಕಂಡಿತೋ ಏನೋ, ಅವನು ಕೈಯನ್ನು ಹಿಂದಕ್ಕೆಳೆದುಕೊಂಡ.

“ನನ್ ಕೈಲಾಗಲ್ಲ ವದಿನಾ.”

“ಹಿಡ್ಕೋ.”

ಹಿಡಿದುಕೊಂಡ. ರಾಟೆ ಕಿರುಗುಟ್ಟಿತು. ಬಿಂದಿಗೆ ಅರ್ಧ ಮೇಲೆ ಬಂದಿತ್ತು. ಅವನ ಕೈಯಿಂದ ಹಗ್ಗ ಜಾರಿತು. ಬಿಂದಿಗೆ ಗೋಡೆಗೆ ಬಡಿದ ಸದ್ದಿಗೆ ಯಾರೋ ಕಿರುಚಿದರು. ಅಷ್ಟರಲ್ಲಿ ಅತ್ತೆ ಬೋಗುಣಿಯನ್ನು ನೆಲಕ್ಕೆ ಬಿಟ್ಟು, ಅವನ ಹಿಂದೆ ನಿಂತು, ಎರಡೂ ಕೈಯಿಂದ ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದಳು.

“ಎಳಿ” ಎಂದಳು. “ಹಿಂದೆ ನಾನು ಹಿಡಿದಿದ್ದೀನಿ. ಎಳಿ.”

ಇಬ್ಬರೂ ಸೇರಿ ಎಳೆದರು. ಅತ್ತೆ ಹಲ್ಲು ಕಚ್ಚಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಕರುಣೆಯ ಕಣ್ಣೀರೆಂದು ಪ್ರಸಂಗದಲ್ಲಿ ಹೇಳುತ್ತಾರೆ. ಹತ್ತಿರದಿಂದ ಕಂಡವಳು ನಾನು. ಅದು ಬರೀ ಸಿಟ್ಟು, ಸಂಕಟ.

ಆ ನೀರಿನಲ್ಲೇ ದೀಕ್ಷೆಯಾಯಿತು. ಕೊನೆಗೆ ಕರ್ತನ ಪ್ರಾರ್ಥನೆ ಬಂತು. ನಾನು ಕಿವಿ ನೆಟ್ಟು ಕೇಳುತ್ತಿದ್ದೆ. ಆ ಸಾಲಿಗೆ ಅತ್ತೆ ಎಂದಿನ ಹಾಗೆ ಬಾಯಿ ಮುಚ್ಚಿದಳು.

ಮನೆಗೆ ಬಂದು ಒಲೆ ಹೊತ್ತಿಸುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. “ಇನ್ನೂ ಆಗ್ಲಿಲ್ವಾ ಅತ್ತೆ?”

“ಇವತ್ತು ಹಗ್ಗ ಹಿಡಿದೆ ಕಣೇ. ಅಷ್ಟೇ ನನ್ ಕೈಲಾಗಿದ್ದು. ಮಿಕ್ಕಿದ್ದನ್ನ ದೇವರು ಕೇಳಿದಾಗ ನೋಡೋಣ” ಎಂದಳು. ಎಸರಿಗೆ ರಾಗಿ ಹಿಟ್ಟು ಹಾಕಲು ಹೋದವಳು ಕೈ ತಡೆದು ನನ್ನ ಕಡೆ ನೋಡಿದಳು.

“ಇನ್ನಷ್ಟು ಹಿಟ್ಟು ತಗೊಂಬಾ. ಆ ಬಸುರಿ ಬೆಳಗ್ಗೆಯಿಂದ ಏನೂ ತಿಂದಿಲ್ಲ. ಇಬ್ರನ್ನೂ ಉಣ್ಣೋಕೆ ಕರಿ.”