ನಿಧಾನಣ್ಣನ ನಲವತ್ತೊಂದು

ಹದಿನಾರನೇ ನಂಬರಿನ ಬಸ್ಸು ರೈಲು ನಿಲ್ದಾಣದಿಂದ ಹೊರಟು ಹಳೆಯ ಗಿರಣಿಯ ಗೇಟು ಮುಟ್ಟಲು ವೇಳಾಪಟ್ಟಿಯ ಪ್ರಕಾರ ನಲವತ್ತೈದು ನಿಮಿಷ ಸಾಕು. ಈ ಡ್ರೈವರಿಗೆ ಐವತ್ತೆರಡು ಬೇಕಾಗುತ್ತಿತ್ತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಆ ಏಳು ನಿಮಿಷವನ್ನು ಯಾವ ಮೇಲಧಿಕಾರಿಗೂ ಅವನಿಂದ ಕಿತ್ತುಕೊಳ್ಳಲಾಗಲಿಲ್ಲ. ಡಿಪೋದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ನಿಧಾನಣ್ಣ ಎಂದು. ಯಾರೋ ಅವನ ಸೀಟಿನ ಹಿಂಬದಿಯ ತಗಡಿನ ಮೇಲೆ ಮೊಳೆಯಿಂದ ‘ನಿಧಾನವೇ ಪ್ರಧಾನ’ ಎಂದು ಗೀಚಿದ್ದರು. ಅದರ ಕೆಳಗೆ ಇನ್ಯಾರೋ ‘ನಡೆದರೆ ಇನ್ನೂ ಬೇಗ’ ಎಂದು ಸೇರಿಸಿದ್ದರು. ಅವನು ಎರಡನ್ನೂ ಅಳಿಸಲು ಹೋಗಿರಲಿಲ್ಲ.

ಅವನೇನೂ ಹುಟ್ಟಾ ನಿಧಾನದವನಲ್ಲ. ನೌಕರಿಗೆ ಸೇರಿದ ಮೂರನೇ ವರ್ಷ, ಮಾರುಕಟ್ಟೆಯ ಇಳಿಜಾರಿನಲ್ಲಿ ಬಸ್ಸಿಗೆ ಒಂದು ನಾಯಿ ಅಡ್ಡ ಬಂತು. ಬ್ರೇಕ್ ತುಳಿದ. ನಾಯಿ ಉಳಿಯಿತು. ಇಳಿಯಲೆಂದು ಎದ್ದು ನಿಂತಿದ್ದ ಹೆಂಗಸೊಬ್ಬರು ಮುಂದಿನ ಕಂಬಿಗೆ ಬಡಿದು ಬಲಗೈ ಮಣಿಕಟ್ಟು ಮುರಿದುಕೊಂಡರು. ವಿಚಾರಣೆಯಲ್ಲಿ ಡ್ರೈವರನ ತಪ್ಪಿಲ್ಲ ಎಂದು ಬರೆದರು. ಇಳಿಜಾರಿನಲ್ಲಿ ಅಷ್ಟು ವೇಗ ಇರಬಾರದಿತ್ತು ಎಂದು ಅವನಿಗೆ ಮಾತ್ರ ಗೊತ್ತಿತ್ತು. ಡ್ಯೂಟಿ ಮುಗಿದ ಮೇಲೆ ದಿನವೂ ಆಸ್ಪತ್ರೆಗೆ ಹೋಗಿ ಆ ಹೆಂಗಸನ್ನು ವಿಚಾರಿಸಿಕೊಂಡು ಬರುತ್ತಿದ್ದ. ಅವರು ಬಿಡುಗಡೆಯಾದ ಮೇಲೆ ಮನೆಗೇ ಹೋಗತೊಡಗಿದ. ಆ ಮನೆಯಲ್ಲಿ ಒಬ್ಬಳು ಮಗಳಿದ್ದಳು, ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಇವನ ವಿಚಾರಣೆ ನಿಲ್ಲಲಿಲ್ಲ. ಹೀಗೆ ತಾಯಿಯ ಕೈ ಮುರಿದವನು ಮಗಳ ಕೈ ಹಿಡಿದ.

ಅತ್ತೆ ಈಗ ಅವರ ಜೊತೆಯಲ್ಲೇ ಇದ್ದಾರೆ. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿದೆ. ಮನೆಗೆ ಹೊಸಬರು ಬಂದರೆ ಕೈ ಎತ್ತಿ ತೋರಿಸಿ, “ಈ ಅಳಿಯ ಸಿಕ್ಕಿದ್ದಕ್ಕೆ ಆ ನಾಯೀನ ಬೈಬೇಕೋ ಹೊಗಳಬೇಕೋ ಅಂತ ಇನ್ನೂ ಯೋಚನೆ ಮಾಡ್ತಾ ಇದೀನಿ” ಎನ್ನುತ್ತಾರೆ.

ಇಂಥವನಿಗೆ ಕಾರ್ ರೇಸಿನ ಹುಚ್ಚು ಎಂದರೆ ಕೇಳಿದವರು ನಗುತ್ತಿದ್ದರು. ನಗರದಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿ ರೇಸ್ ಟ್ರ್ಯಾಕ್ ಇದೆ. ಅಲ್ಲಿ ವರ್ಷಕ್ಕೊಂದು ದೊಡ್ಡ ರೇಸು. ಜನ ಮುಗಿಬಿದ್ದು ಟಿಕೆಟ್ ತೆಗೆಯುವುದು ನೇರ ರಸ್ತೆಯ ಪಕ್ಕದಲ್ಲಿ, ಕಾರುಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಗುವ ಕಡೆ. ನಿಧಾನಣ್ಣ ಹೋಗಿ ಕೂರುತ್ತಿದ್ದದ್ದು ಐದನೇ ತಿರುವಿನಲ್ಲಿ, ಏರಿನ ತುದಿಗೆ. ಅಲ್ಲಿ ಎಲ್ಲರೂ ವೇಗ ಇಳಿಸಲೇಬೇಕು.

“ಓಡಿಸೋದು ಯಾರಿಗೆ ಬರಲ್ಲ? ನಿಲ್ಲಿಸೋದೇ ವಿದ್ಯೆ” ಎಂಬುದು ಅವನ ಮಾತು.

ಆ ವಿದ್ಯೆಯಲ್ಲಿ ಅವನು ಗುರು ಎಂದು ಒಪ್ಪಿಕೊಂಡದ್ದು ಒಬ್ಬನನ್ನೇ. ಗ್ಯಾರೇಜಿನಲ್ಲಿ ಬೆಳೆದ ಕುಳ್ಳಗಿನ ಆಸಾಮಿ. ಕಾರಿನ ನಂಬರು ನಲವತ್ತೊಂದು. ಅಭಿಮಾನಿಗಳೆಲ್ಲ ಅವನನ್ನು ನಂಬರಿನಿಂದಲೇ ಕರೆಯುತ್ತಿದ್ದರು. ಬೇರೆಯವರು ಬ್ರೇಕ್ ಹಾಕಿದಾಗ ಕಾರಿನ ಮೂತಿ ನೆಲಕ್ಕೆ ಬಾಗಿ ಒದ್ದಾಡುತ್ತಿತ್ತು. ನಲವತ್ತೊಂದು ಎಲ್ಲರಿಗಿಂತ ತಡವಾಗಿ ತುಳಿದರೂ ಕಾರು ಹಾಸಿಗೆಯ ಮೇಲೆ ಕೂತಂತೆ ಕೂರುತ್ತಿತ್ತು. ಹದಿನಾಲ್ಕು ವರ್ಷ ನಿಧಾನಣ್ಣ ಅದೊಂದನ್ನೇ ನೋಡಿದ.

ಅದೇ ತಿರುವಿನಲ್ಲಿ ಅಷ್ಟೂ ವರ್ಷ ಅವನ ಪಕ್ಕ ಕೂತವನು ಇನ್ನೊಂದು ಬಡಾವಣೆಯ ಬೇಕರಿಯವನು. ಎರಡು ಆಳಿನ ಗಾತ್ರ, ಹತ್ತು ಆಳಿನ ಗಂಟಲು. ಅವನು ಇವನನ್ನು “ಬಸ್ಸಿನೋರೇ” ಎನ್ನುತ್ತಿದ್ದ, ಇವನು ಅವನನ್ನು “ಬೇಕರಿಯೋರೇ” ಎನ್ನುತ್ತಿದ್ದ. ವರ್ಷಕ್ಕೊಮ್ಮೆ ಬನ್ನು ಹಂಚಿಕೊಂಡು ತಿನ್ನುತ್ತಿದ್ದರು, ಸಂಜೆ ಕೈ ಬೀಸಿ ಹೊರಡುತ್ತಿದ್ದರು. ಮನೆ ಎಲ್ಲಿ, ಮಕ್ಕಳೆಷ್ಟು ಎಂದು ಇಬ್ಬರೂ ಕೇಳಿಕೊಂಡವರಲ್ಲ.

ಸುದ್ದಿ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ, ಬಸ್ಸಿನಲ್ಲೇ. ಮಾರುಕಟ್ಟೆ ಸ್ಟಾಪಿನಲ್ಲಿ ಹತ್ತಿದ ಇಬ್ಬರು ಡ್ರೈವರ್ ಸೀಟಿನ ಹಿಂದೆಯೇ ನಿಂತರು. ಒಬ್ಬ ಫೋನು ನೋಡುತ್ತ, “ಅಯ್ಯೋ, ನಲವತ್ತೊಂದು ಹೋಗ್ಬಿಟ್ನಂತೆ ಕಣೋ” ಎಂದ.

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಸತ್ತೋದ. ಅದ್ಯಾವುದೋ ದೇಶದಲ್ಲಿ, ಪ್ರಾಕ್ಟೀಸ್ ಮಾಡೋವಾಗ. ಗೋಡೆಗೆ ಗುದ್ದಿದಾನೆ.”

ಕೊನೆಯ ನಿಲ್ದಾಣಕ್ಕೆ ಇನ್ನೂ ಹನ್ನೊಂದು ಸ್ಟಾಪುಗಳಿದ್ದವು. ನಿಧಾನಣ್ಣ ಹನ್ನೊಂದಕ್ಕೂ ನಿಲ್ಲಿಸಿದ. ಬಾಗಿಲು ತೆರೆದ, ಮುಚ್ಚಿದ. ಕೋಲೂರಿಕೊಂಡು ಬಂದ ಮುದುಕರೊಬ್ಬರು ಹತ್ತುವವರೆಗೆ ಕಾದ. ಗಿರಣಿಯ ಗೇಟಿನಲ್ಲಿ ಎಲ್ಲ ಇಳಿದ ಮೇಲೆ ಕಂಡಕ್ಟರ್ ಹುಡುಗಿ ಚಹಾಕ್ಕೆ ಕರೆಯಲು ಬಂದಳು. ಎಂಜಿನ್ ಆಫ್ ಆಗಿತ್ತು. ಅವನ ಎರಡು ಕೈಗಳೂ ಸ್ಟಿಯರಿಂಗ್ ಮೇಲೆಯೇ ಇದ್ದವು.

“ಅಣ್ಣಾ, ಹುಷಾರಿಲ್ವಾ?”

“ಹುಷಾರಾಗಿದೀನಿ. ನನಗೆ ಗೊತ್ತಿರೋರೊಬ್ರು ಹೋಗ್ಬಿಟ್ರು.”

ಎರಡು ದಿನವಾದ ಮೇಲೆ ಅವಳಿಗೆ ಅದು ಯಾರೆಂದು ತಿಳಿಯಿತು. ಅವಳು ನಗಲಿಲ್ಲ. ಮನೆಯಲ್ಲಿ ಹೆಂಡತಿಯೂ ನಗಲಿಲ್ಲ, ಆದರೆ ಮನಸ್ಸಿನಲ್ಲಿದ್ದದ್ದನ್ನು ಆಡಿಯೇಬಿಟ್ಟಳು: “ಅಷ್ಟು ಜೋರಾಗಿ ಹೋಗೋರಿಗೆ ಒಂದಲ್ಲ ಒಂದಿನ ಇದು ಇದ್ದಿದ್ದೇ ಅಲ್ವೇನ್ರೀ?”

“ಅವನು ತಪ್ಪೋನಲ್ಲ. ಬ್ರೇಕ್ ಕೈಕೊಟ್ಟಿದೆ” ಎಂದ ನಿಧಾನಣ್ಣ. ಟೀವಿಯಲ್ಲೂ ಮೊದಲ ದಿನ ಹಾಗೇ ಹೇಳುತ್ತಿದ್ದರು.

ಮುಂದಿನ ಭಾನುವಾರ ಅಭಿಮಾನಿಗಳೆಲ್ಲ ಟ್ರ್ಯಾಕಿನಲ್ಲಿ ಸೇರುವುದೆಂದು ನಿಶ್ಚಯವಾಯಿತು. ಡಿಪೋಗೆ ಎರಡು ವಿಶೇಷ ಬಸ್ಸು ಬಿಡಲು ಹೇಳಿಕಳಿಸಿದ್ದರು. ಇಪ್ಪತ್ತಾರು ವರ್ಷದಲ್ಲಿ ಏನನ್ನೂ ಕೇಳದವನು ಸೂಪರ್‌ವೈಸರ್ ಮೇಜಿನ ಮುಂದೆ ಹೋಗಿ ನಿಂತು, ಆ ಡ್ಯೂಟಿ ತನಗೆ ಬೇಕೆಂದ.

“ನಿನ್ನ ಕಳಿಸಿದ್ರೆ ಜನ ಒಂದು ವರ್ಷದ ಪುಣ್ಯತಿಥಿಗೆ ಹೋಗಿ ತಲುಪ್ತಾರೆ ಕಣಯ್ಯಾ” ಎಂದು ಸೂಪರ್‌ವೈಸರ್ ತಲೆ ಎತ್ತಿದರು. ಇವನ ಮುಖ ನೋಡಿದ ಮೇಲೆ ಡ್ಯೂಟಿ ಬರೆದುಕೊಟ್ಟರು.

ಭಾನುವಾರ ಬೆಳಿಗ್ಗೆ ಬಸ್ಸು ತುಂಬಿತು. ಕೈಯುಗುರಿನಲ್ಲಿ ಗ್ರೀಸ್ ಉಳಿದ ಮೆಕ್ಯಾನಿಕ್ಕುಗಳು, ಕಾಲೇಜಿನ ಹುಡುಗಿಯರು, ತೊಡೆಯ ಮೇಲೆ ಆಟಿಕೆ ಕಾರು ಇಟ್ಟುಕೊಂಡ ನಡುವಯಸ್ಸಿನ ಗುಮಾಸ್ತರೊಬ್ಬರು. ಹೆದ್ದಾರಿಗೆ ಬಂದಾಗ ಹಿಂದಿನಿಂದ ಕೂಗು ಎದ್ದಿತು. “ಅಂಕಲ್, ಅವನ ಹೆಸರಲ್ಲಿ ಒಂದ್ಸಲ ಬಿಡಿ ಗಾಡೀನ!” ನಾಲ್ಕು ಜನ ದನಿಗೂಡಿಸಿದರು. ನಿಧಾನಣ್ಣ ಕನ್ನಡಿಯಲ್ಲೊಮ್ಮೆ ನೋಡಿದ. ಕಂಡಕ್ಟರ್ ಹುಡುಗಿಯೇ ಎದ್ದು, “ಅಷ್ಟು ಅವಸರ ಇದ್ರೆ ಇಳಿದು ಓಡಿ. ನಮ್ಮಣ್ಣ ಇವತ್ತು ಅಳ್ತಾ ಓಡಿಸ್ತಾ ಇದಾರೆ, ಕಾಣ್ಸಲ್ವಾ?” ಎಂದಳು. ಅವನ ಕಣ್ಣುಗಳು ಒಣಗಿಯೇ ಇದ್ದವು. ಆದರೂ ಬಸ್ಸು ಟ್ರ್ಯಾಕ್ ತಲುಪುವವರೆಗೆ ತೆಪ್ಪಗಿತ್ತು.

ಮುಖ್ಯ ಗ್ಯಾಲರಿಯ ಮುಂದೆ ವೇದಿಕೆ ಹಾಕಿ, ಫೋಟೋ ಇಟ್ಟು, ಭಾಷಣಕ್ಕೆ ಮೈಕು ನಿಲ್ಲಿಸಿದ್ದರು. ಜನ ಮಾತ್ರ ಗೇಟು ದಾಟಿದವರೇ, ಯಾರೂ ಹೇಳದಿದ್ದರೂ, ತಾವು ಪ್ರತಿವರ್ಷ ಕೂರುತ್ತಿದ್ದ ಜಾಗಗಳಿಗೇ ಹೋದರು. ಐದನೇ ತಿರುವಿನಲ್ಲಿ ಬೇಕರಿಯವನು ಆಗಲೇ ಬಂದು ಕೂತು, ಪಕ್ಕದಲ್ಲಿ ಟವೆಲ್ ಹಾಸಿ ಜಾಗ ಹಿಡಿದಿದ್ದ. ಇವನನ್ನು ಕಂಡವನೇ ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತ. ಅಂಥ ದೊಡ್ಡ ಮನುಷ್ಯ ಹಾಗೆ ಅಳುವಾಗ ಏನು ಮಾಡಬೇಕೆಂದು ತಿಳಿಯದೆ ನಿಧಾನಣ್ಣ ಬೆನ್ನು ತಟ್ಟುತ್ತ ನಿಂತ.

ಪ್ರತಿವರ್ಷ ರೇಸ್ ಶುರುವಾಗುತ್ತಿದ್ದ ಹೊತ್ತಿಗೆ ಸರಿಯಾಗಿ ನಲವತ್ತೊಂದರ ಹಳೆಯ ಕಾರನ್ನು ಹೊರತಂದರು. ಎಂಜಿನ್ ಚಾಲು ಮಾಡಿರಲಿಲ್ಲ. ಅವನ ಸೀಟಿನಲ್ಲಿ ಕೂರಲು ಯಾರೂ ಒಪ್ಪಿರಲಿಲ್ಲ. ಅವನ ಹೆಡ್ ಮೆಕ್ಯಾನಿಕ್, ನೆರೆತ ಗಡ್ಡದವರು, ಪಕ್ಕದಲ್ಲೇ ನಡೆಯುತ್ತ ಒಳಗೆ ಕೈ ಚಾಚಿ ಸ್ಟಿಯರಿಂಗ್ ತಿರುಗಿಸುತ್ತಿದ್ದರು. ಆರು ಜನ ಹಿಂದಿನಿಂದ ತಳ್ಳುತ್ತಿದ್ದರು. ಐದನೇ ತಿರುವಿನ ಏರಿಗೆ ಬರುವಷ್ಟರಲ್ಲಿ ಆರೂ ಜನರಿಗೆ ಏದುಸಿರು. ಕಾರು ನಿಂತಿತು, ಒಂದಡಿ ಹಿಂದಕ್ಕೂ ಜಾರಿತು.

ಬೇಕರಿಯವನು ಬೇಲಿ ಹಾರಿದ. ಅಷ್ಟು ದೊಡ್ಡ ದೇಹ ಅದನ್ನು ಹೇಗೆ ದಾಟಿತೋ! ಅವನ ಹಿಂದೆ ನಿಧಾನಣ್ಣ, ಅವನ ಹಿಂದೆ ಮೂವತ್ತು ನಲವತ್ತು ಜನ. ಕಾವಲಿನವರು ತಡೆಯಲಿಲ್ಲ. ಎಲ್ಲರೂ ಸೇರಿ ತಳ್ಳಿದಾಗ ಕಾರು ಏರು ಹತ್ತಿತು. ಆಚೆಗೆ ಇಳಿಜಾರು. ಜನ ಇನ್ನೂ ತಳ್ಳುವ ಹುಮ್ಮಸ್ಸಿನಲ್ಲೇ ಇದ್ದರು. ಮುಂದೇನಾಗುತ್ತದೆಂದು ನಿಧಾನಣ್ಣನಿಗೆ ಕಾಲಿನಲ್ಲೇ ಗೊತ್ತಾಯಿತು.

“ತಳ್ಬೇಡಿ! ಒಳಗೆ ಬ್ರೇಕ್ ಹಾಕೋರು ಯಾರೂ ಇಲ್ಲ! ಹಿಂದಕ್ಕೆ ಎಳ್ಕೊಳ್ಳಿ!” ಎಂದು ಕೂಗಿದ. ಅವನ ದನಿ ಅಷ್ಟು ಜೋರಾಗಿದೆಯೆಂದು ಅವನಿಗೇ ತಿಳಿದಿರಲಿಲ್ಲ. ಕೈಗಳೆಲ್ಲ ತಳ್ಳುವುದನ್ನು ಬಿಟ್ಟು ಹಿಡಿದುಕೊಂಡವು. ಜಗತ್ತಿನಲ್ಲೇ ಎಲ್ಲಕ್ಕಿಂತ ವೇಗದ್ದೆನಿಸಿಕೊಂಡಿದ್ದ ಕಾರು ಹೆಜ್ಜೆ ಹೆಜ್ಜೆಯಾಗಿ ಇಳಿಜಾರು ಇಳಿಯಿತು. ಕೆಳಗೆ ಮುಟ್ಟಿದ ಮೇಲೆ ಗಡ್ಡದ ಮೆಕ್ಯಾನಿಕ್ ತಿರುಗಿ ನೋಡಿ ತಲೆಯಾಡಿಸಿದರು. ಅವರ ಗಡ್ಡ ಒದ್ದೆಯಾಗಿತ್ತು. ಆ ದಿನ ಬೇಕರಿಯವನೂ ನಿಧಾನಣ್ಣನೂ ಮೊದಲ ಸಲ ಫೋನ್ ನಂಬರ್ ಕೊಟ್ಟು ತೆಗೆದುಕೊಂಡರು.

ಆರು ವಾರಕ್ಕೆ ತನಿಖೆಯ ವರದಿ ಹೊರಬಂತು. ಕಾರಿನಲ್ಲಿ ದೋಷವಿರಲಿಲ್ಲ, ಬ್ರೇಕು ಸರಿಯಾಗಿತ್ತು. ಚಾಲಕ ಹನ್ನೆರಡು ಮೀಟರ್ ತಡವಾಗಿ ತುಳಿದಿದ್ದಾನೆ. ಪತ್ರಿಕೆಯಲ್ಲಿ ರಸ್ತೆಯ ಮೇಲಿನ ಟೈರಿನ ಗುರುತುಗಳ ಚಿತ್ರವನ್ನೂ ಹಾಕಿದ್ದರು. ಅಭಿಮಾನಿಗಳು ಕಿಡಿಕಿಡಿಯಾದರು. ಎಲ್ಲ ಸುಳ್ಳು, ಕಾರು ನೋಡಿಕೊಳ್ಳುತ್ತಿದ್ದವರು ತಮ್ಮ ತಪ್ಪು ಮುಚ್ಚಿಕೊಳ್ಳಲು ಸತ್ತವನ ಮೇಲೆ ಹೊರಿಸಿದ್ದಾರೆ ಎಂದರು. ನಿಧಾನಣ್ಣ ಆ ಚಿತ್ರವನ್ನು ಅಡುಗೆಮನೆಯ ಬೆಳಕಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಬ್ರೇಕಿನ ಗುರುತು ಓದಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ವರದಿ ನಿಜವನ್ನೇ ಹೇಳಿತ್ತು.

ಸಾವಿನ ಸುದ್ದಿಗಿಂತ ಇದು ಅವನನ್ನು ಹೆಚ್ಚು ಕುಗ್ಗಿಸಿತು. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದ. ನಾಲ್ಕನೇ ದಿನ ಅತ್ತೆ ಎದುರಿಗೆ ಬಂದು ಕೂತರು.

“ಏನಾಯ್ತು ಅಳಿಯಂದ್ರೇ? ಸತ್ತೋನು ಇನ್ನೊಂದ್ಸಲ ಸತ್ನಾ?”

“ಅವನೇ ತಪ್ಪು ಮಾಡಿದ್ದು ಅತ್ತೆ. ಬ್ರೇಕಲ್ಲಿ. ಅವನು!”

“ಮಾಡಿದ್ರೆ ಮಾಡ್ದ. ನಡೆಯೋರು ಎಡವದೆ ಕೂತೋರು ಎಡವ್ತಾರಾ?” ಅವರು ಸೊಟ್ಟ ಮಣಿಕಟ್ಟನ್ನು ಮೇಜಿನ ಮೇಲೆ ಇಟ್ಟರು. “ನಿಮ್ಮ ತಪ್ಪಿಲ್ಲ ಅಂತ ಅವತ್ತು ಆಫೀಸಿನೋರು ಬರೆದುಕೊಟ್ರು. ನೀವು ಮಾತ್ರ ಬಂದು, ನನ್ನದೇ ತಪ್ಪು ಅಮ್ಮ, ಜೋರಾಗಿ ಬಂದೆ ಅಂದ್ರಿ. ಹಾಗಂದಿದ್ದಕ್ಕೇ ಅಲ್ವಾ ನಾನು ಹೊಟ್ಟೆಗೆ ಹಾಕ್ಕೊಂಡಿದ್ದು? ಇಲ್ಲದಿದ್ರೆ ನನ್ನ ಮಗಳ ಕೈಯಿಂದ ಒಂದು ಲೋಟ ನೀರೂ ಸಿಗ್ತಿರ್ಲಿಲ್ಲ ನಿಮಗೆ.”

ನಿಧಾನಣ್ಣ ಆ ದಿನ ಊಟ ಮಾಡಿದ.

ಅದೇ ವಾರ ಬೇಕರಿಯವನ ಫೋನು ಬಂತು. ಅಂಗಡಿಗೆ ರಜೆಯ ದಿನ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೇವೆ, ವರದಿಯ ವಿರುದ್ಧ ಪತ್ರ ಬರೆದು ಸಹಿ ಹಾಕಬೇಕು ಎಂದ. ಇವನು ಹೋದ. ಹಿಟ್ಟು ನಾದುವ ಉದ್ದನೆಯ ಮೇಜಿನ ಸುತ್ತ ಮೂವತ್ತು ಜನ. ಬ್ರೇಕನ್ನು ನೋಡಿಕೊಳ್ಳುತ್ತಿದ್ದ ಹೆಡ್ ಮೆಕ್ಯಾನಿಕ್ಕನ ಮೇಲೆ ಕ್ರಮ ತೆಗೆದುಕೊಳ್ಳಬೇಕು ಎಂದು ಪತ್ರದಲ್ಲಿತ್ತು. ಪೆನ್ನು ಕೈಯಿಂದ ಕೈಗೆ ಬಂದು ಇವನನ್ನು ಮುಟ್ಟಿದಾಗ ಪಕ್ಕಕ್ಕಿಟ್ಟ.

“ನಾನು ಹಾಕಲ್ಲ. ಅವನೇ ತಪ್ಪಿದ್ದು.”

ಮೆಕ್ಯಾನಿಕ್ಕುಗಳಲ್ಲೊಬ್ಬ, “ನೀವು ಅಭಿಮಾನಿನಾ, ಅವರ ಕಡೆಯೋರಾ?” ಎಂದ.

“ಹದಿನಾಲ್ಕು ವರ್ಷ ಅವನು ಎಲ್ಲಿ ಬ್ರೇಕ್ ತುಳಿತಾನೆ ಅಂತಲೇ ನೋಡಿದೀನಿ. ಅಷ್ಟೂ ಸಲ ಸರಿಯಾಗಿ ತುಳಿದಿದ್ದು ಅವನೇ ಅಂತೀವಿ. ತಪ್ಪಾಗಿದ್ದು ಮಾತ್ರ ಬೇರೆಯೋರದಾ? ಅವನು ಇದ್ದಿದ್ರೆ ತಾನೇ ಒಪ್ಕೊಳ್ತಿದ್ದ. ಆ ಗಡ್ಡದವರನ್ನ ನೀವೇ ನೋಡಿದೀರಿ, ಏರಿನಲ್ಲಿ. ಅವರ ಮೇಲೆ ಇದನ್ನ ಹೊರಿಸಿದ್ರೆ ಅವರು ಇನ್ನೆಷ್ಟು ದಿನ ತಲೆ ಎತ್ತಿ ನಡೀತಾರೆ?”

ಇಬ್ಬರು ಬೈದು ಎದ್ದುಹೋದರು. ಹತ್ತೊಂಬತ್ತು ಜನ ಸಹಿ ಹಾಕಿದರು. ಬೇಕರಿಯವನು ಯಾರ ಕಡೆಯೂ ನೋಡದೆ ಮೇಜಿನ ಮೇಲಿನ ಹಿಟ್ಟು ಒರೆಸುತ್ತಲೇ ಇದ್ದ. ಸಹಿಯನ್ನೂ ಹಾಕಲಿಲ್ಲ, ಇವನೊಂದಿಗೆ ಮಾತೂ ಆಡಲಿಲ್ಲ. ಪತ್ರ ಹೋಯಿತು, ಉತ್ತರ ಬರಲಿಲ್ಲ. ಬೇಕರಿಯವನ ಫೋನೂ ಎರಡು ತಿಂಗಳು ಬರಲಿಲ್ಲ. ಒಂದು ಬೆಳಿಗ್ಗೆ ಕೊನೆಗೂ ಬಂತು. “ಬಸ್ಸಿನೋರೇ, ರೇಸಿನ ಟಿಕೆಟ್ ಬಿಟ್ಟಿದಾರೆ. ಐದನೇ ತಿರುವಿಗೇ ತಗೊಳ್ಳಲಾ?”

“ಈ ಸಲ ಇಬ್ಬರು ಬರ್ತೀವಿ” ಎಂದ ನಿಧಾನಣ್ಣ.

ಹೆಂಡತಿ ಮೊದಲ ಸಲ ಅವನೊಂದಿಗೆ ಹೊರಟಿದ್ದಳು. ಇಷ್ಟು ವರ್ಷ ಅದೇನು ನೋಡುತ್ತಿದ್ದನೋ ಒಮ್ಮೆ ನೋಡಿಯೇಬಿಡುತ್ತೇನೆ ಎಂದು ಲಾಂಡ್ರಿಗೆ ರಜೆ ಹಾಕಿದ್ದಳು. ಬ್ರೇಕು ನೋಡು ಎಂದು ಒಂದು ಕಿವಿಯಲ್ಲಿ ಗಂಡ, ಎಂಜಿನ್ನಿನ ದನಿ ಕೇಳಿ ಎಂದು ಇನ್ನೊಂದು ಕಿವಿಯಲ್ಲಿ ಬೇಕರಿಯವನು ಹೇಳುತ್ತಲೇ ಇದ್ದರು. ಅವಳು ಇಬ್ಬರ ಮಾತನ್ನೂ ಬಿಟ್ಟು, ಬಣ್ಣ ಚೆನ್ನಾಗಿದೆಯೆಂದು ಒಂದು ಹಸಿರು ಕಾರನ್ನು ಹಿಡಿದುಕೊಂಡಳು. ಅದು ಹನ್ನೊಂದನೆಯದಾಗಿ ಬಂತು. ಅದು ಎದುರಿಗೆ ಬಂದಾಗಲೆಲ್ಲ ಎದ್ದು ನಿಂತು ಕೂಗಿ ಕೂಗಿ, ಮನೆಗೆ ಬರುವಷ್ಟರಲ್ಲಿ ಅವಳ ಗಂಟಲು ಕಟ್ಟಿತ್ತು. ಏನು ನೋಡಿದೆ ಎಂದು ಅಮ್ಮ ಕೇಳಿದ್ದಕ್ಕೆ ಕೈಸನ್ನೆಯಲ್ಲೇ ಉತ್ತರ ಹೇಳಬೇಕಾಯಿತು.